ಎಡಗಡೆಯ ಸೀಟು

ಖಬರಸ್ಥಾನದಿಂದ ಬಂದ ಗಂಡಸರು ಕೊಲ್ಲಿ ನಾಡಿನ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನ ಬಾಗಿಲಲ್ಲಿ ಕಾಲಿನ ಮರಳು ಕೊಡವುತ್ತಿದ್ದರು. ಅಲಿಯಬ್ಬನನ್ನು ಮಧ್ಯಾಹ್ನದ ನಮಾಝಿನ ಬಳಿಕ ಮಣ್ಣು ಮಾಡಿಯಾಗಿತ್ತು. ಒಳಕೋಣೆಯಲ್ಲಿ ಹೆಂಗಸರ ಕುರ್‌ಆನ್ ಓದು ಒಂದೇ ಸಮನೆ ನಡೆದಿತ್ತು. ಕೊನೆಗೆ ಬಂದವನು ಸಂಜಯ್. ಅಲಿಯಬ್ಬ ದುಡಿಯುತ್ತಿದ್ದ ಹಳೆಯ ಕಾರುಗಳ ಗ್ಯಾರೇಜಿನ ಮ್ಯಾನೇಜರ್. ಅವನು ಕುರ್ಚಿಯ ತುದಿಯಲ್ಲಿ ಕುಳಿತು, ಗ್ಯಾರೇಜಿನ ಧಣಿ ಅರ್ಬಾಬ್ ತುಂಬ ಅತ್ತರೆಂದು ಹೇಳಿದ. ಸಂಜೆಯ ಕಾರುಗಳ ಮೆರವಣಿಗೆಗೆ ಅಲಿಯಬ್ಬ ಪಂಪ್ ಹೊಡೆಯುತ್ತಿದ್ದ ಲೋಜಿಯರ್ ಕಾರು ಹೋಗುವುದಿಲ್ಲವಂತೆ. ಅಲಿಯಬ್ಬನ ಗೌರವಕ್ಕಾಗಿ ಅದರ ಪೆಟ್ರೋಲು ಇಳಿಸಿ, ಇನ್ನು ಯಾವತ್ತಿಗೂ ಗಾಜಿನ ಕೋಣೆಯಲ್ಲಿ ಇಡುವುದಂತೆ.

“ಪಂಪ್ ಹೊಡೆಯುವವರೇ ಇಲ್ವಲ್ಲ. ಖಲಾಸ್ ಅಂದ್ರು.”

ಪರದೆಯ ಹಿಂದಿನಿಂದ ಅಲಿಯಬ್ಬನ ಮಗಳು ಶಹನಾ ಹೇಳಿದಳು: “ಒಂದು ಮನೆಗೆ ದಿನಕ್ಕೆ ಒಂದೇ ಮಯ್ಯತ್ತು ಸಾಕು, ಸಂಜಯಣ್ಣ. ಗಾಡಿಯನ್ನೂ ಹೂಳ್ಬೇಡಿ. ನಾನು ಹೊಡೀತೇನೆ.”

*

ಲೋಜಿಯರ್ ಎಂದರೆ ಅಮೆರಿಕದ ಸಿರಿವಂತರ ಕಾರು. 1911ರಲ್ಲಿ ಸವಾನ್ನಾದಲ್ಲಿ ಕಾರು ಓಟದ ವ್ಯಾಂಡರ್‌ಬಿಲ್ಟ್ ಕಪ್ ಗೆದ್ದದ್ದು. ಕಂಪೆನಿ ಮುಚ್ಚಿ ನೂರು ವರ್ಷವಾಯಿತು. ಅರ್ಬಾಬರ ಗಾಡಿ ಆ ಕಾಲದ್ದೇ. ಬಲಗಡೆ ಕುಳಿತವನು ಓಡಿಸಬೇಕು, ಎಡಗಡೆ ಕುಳಿತವನು ಪೆಟ್ರೋಲು ಎಂಜಿನ್ನಿಗೆ ಹರಿಯುವಂತೆ ದಾರಿಯುದ್ದಕ್ಕೂ ಕೈಪಂಪಿನಿಂದ ಟ್ಯಾಂಕಿಗೆ ಗಾಳಿ ಒತ್ತುತ್ತಿರಬೇಕು. ಕೈ ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಸಂಜಯ್ ಒಮ್ಮೆ ಕರೆಂಟಿನ ಪಂಪು ತರಿಸಿದ್ದ. ಅಲಿಯಬ್ಬ ಅದರ ಪೆಟ್ಟಿಗೆಯನ್ನೇ ಬಿಚ್ಚಲಿಲ್ಲ. ಕಳೆದ ವರ್ಷ ಭುಜ ಸೋತಾಗ, ಶುಕ್ರವಾರಗಳಂದು ಗ್ಯಾರೇಜಿನ ಅಂಗಳದಲ್ಲಿ ಮಗಳನ್ನು ಎಡಗಡೆ ಕೂರಿಸಿಕೊಂಡು ಕಲಿಸಿದ.

“ಕಪ್ ಗೆದ್ದದ್ದು ಇಬ್ಬರು,” ಎನ್ನುತ್ತಿದ್ದ. “ಹೆಸರು ಸ್ಟಿಯರಿಂಗ್ ಹಿಡಿದವನದ್ದು ಮಾತ್ರ. ಪಂಪಿನವ ಕೈ ಬಿಟ್ಟಿದ್ರೆ ಅವ ಎಲ್ಲಿಗೆ ಹೋಗ್ತಿದ್ದ?”

*

ಶಹನಾಳ ಸೋದರಮಾವ ಯೂಸುಫ್ ಎದ್ದು ನಿಂತ. ಹೆತ್ತ ಉಪ್ಪನ ಗೋರಿಯ ಮಣ್ಣು ಇನ್ನೂ ಹಸಿ ಇರುವಾಗ ಹೆಣ್ಣುಮಗಳು ತೆರೆದ ಗಾಡಿಯಲ್ಲಿ ಕೂತು ಮೆರೆದರೆ ಜನ ಏನೆಂದಾರು ಎಂದು ಕೇಳಿದ. ಒಳಗೆ ಓದು ನಿಂತಿತು. ಅಲಿಯಬ್ಬನ ಹೆಂಡತಿ ಝೊಹರಾ ಬಿಳಿ ಬಟ್ಟೆಯಲ್ಲಿ ಪರದೆಯವರೆಗೆ ಬಂದಳು.

“ಗಂಡ ಹೋದ ಇದ್ದತ್ತಿನಲ್ಲಿ ಹೊಸ್ತಿಲು ದಾಟಬಾರದವಳು ನಾನು, ಅಣ್ಣಾ. ಅವಳಲ್ಲ.” ಆಮೇಲೆ ಸಂಜಯನಿಗೆ, “ಫೋನ್ ಮಾಡಿ,” ಎಂದಳು.

ಸಂಜಯ್ ಮಾಡಿದ. ಅರ್ಬಾಬ್ ಹೇಳಿದ್ದು ಒಂದೇ ಮಾತು: “ಯಲ್ಲಾ.” ಹೊರಡಿ ಎಂದು.

ಯೂಸುಫನ ಸಿಟ್ಟು ಇಳಿದಿರಲಿಲ್ಲ. ಆದರೂ ತನ್ನ ಕಾರಿನ ಕೀ ಹುಡುಕತೊಡಗಿದ. “ಟ್ಯಾಕ್ಸಿಯಲ್ಲಿ ಎಂತಕ್ಕೆ ಹೋಗುದು,” ಎಂದು ಗೊಣಗಿದ.

*

ಸಮುದ್ರದ ದಂಡೆಯಲ್ಲಿ ಲೋಜಿಯರ್ ಗುಡುಗಿತು. ಬಲಗಡೆ ಅರ್ಬಾಬ್, ಎಡಗಡೆ ಶಹನಾ. ಗಾಡಿಯ ಎದುರು ಹಿಂದಕ್ಕೆ ಹೆಜ್ಜೆಯಿಡುತ್ತಿದ್ದ ಫೋಟೊಗ್ರಾಫರ್, ಚಿತ್ರದಲ್ಲಿ ಅರ್ಬಾಬ್ ಒಬ್ಬರೇ ಬರಲೆಂದು, ತಲೆ ತಗ್ಗಿಸುವಂತೆ ಅವಳಿಗೆ ಸನ್ನೆ ಮಾಡಿದ. ಮತ್ತೊಮ್ಮೆ ಮಾಡಿದ. ಶಹನಾ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಕ್ಯಾಮೆರಾವನ್ನೇ ನೋಡಿದಳು. ಒಂದೊಂದು ಒತ್ತಿಗೂ ತುಟಿಯಲ್ಲಿ ಅಲ್ಲಾಹನ ಹೆಸರು. ಕಪ್ಪು ಅಬಾಯದ ತೋಳು ಏರುತ್ತಿತ್ತು, ಇಳಿಯುತ್ತಿತ್ತು.