ಕೊಳಲಿನ ಜಾಗ

ಸಾವಿನ ಮನೆಯ ಮುಂದೆ ಹಬ್ಬದ ಬಂಡಿ ಸದ್ದಿಲ್ಲದೆ ದಾಟಬೇಕು. ಆ ಬಂದರಿನ ಕೇರಿಯ ಪದ್ಧತಿ ಅದು. ಫುಸಾಳ ಗಂಡ ತೊಕುಜಿ ಈ ವರ್ಷ ಕಡಲಪಾಚಿ ಒಣಹಾಕುವ ಕಾಲದಲ್ಲಿ ತೀರಿಕೊಂಡಿದ್ದ. ನಲವತ್ತು ವರ್ಷ ಆ ಬಂಡಿಯ ಮೇಲೆ ಕೊಳಲೂದಿದವನು ಅವನೇ. ಹಬ್ಬದ ಹಿಂದಿನ ದಿನ ಕೇರಿಯ ಹಿರಿಯ ಇವಾಕಿಚಿ ಬಂದ.

“ನಾಳೆ ನಿನ್ನ ಮನೆ ಹತ್ರ ವಾದ್ಯ ನಿಲ್ಲಿಸ್ತೀವಿ ಅಕ್ಕ, ಮರ್ಯಾದೆಗೆ.”

“ಯಾರ ಮರ್ಯಾದೆಗಪ್ಪಾ? ನಮ್ಮ ಯಜಮಾನ್ರು ಜ್ವರ ಬಂದ್ರೂ ಕೊಳಲು ನಿಲ್ಲಿಸ್ದೋರಲ್ಲ. ಬಂಡಿ ಮೇಲೆ ಕೂತಿದಾಳಲ್ಲ ಬೊಂಬೆ, ಅವಳು ಯಾರು ಹೇಳು?”

ಇವಾಕಿಚಿ ತಲೆ ಕೆರೆದುಕೊಂಡ. ಅದು ಬೆಸ್ತನೊಬ್ಬನ ಹೆಂಡತಿಯ ಬೊಂಬೆ. ಮಂಜಿನಲ್ಲಿ ದೋಣಿಗಳು ದಾರಿ ತಪ್ಪಿದಾಗ ಮೂರು ದಿನ ದಡದಲ್ಲಿ ಡೋಲು ಬಡಿದು ಎಲ್ಲರನ್ನೂ ಕರೆತಂದವಳು. ಅವಳ ಗಂಡನೊಬ್ಬ ಮಾತ್ರ ಬರಲಿಲ್ಲ. ಆದರೂ ಅವಳು ಬಡಿಯುವುದನ್ನು ಬಿಡಲಿಲ್ಲವಂತೆ.

“ಅವಳಿಗೆ ಯಾರಾದ್ರೂ ಸುಮ್ನಿರು ಅಂದ್ರಾ?” ಎಂದಳು ಫುಸಾ.

“ನಿನ್ ಜೊತೆ ವಾದ ಮಾಡಿ ಗೆಲ್ಲೋಕೆ ನಿನ್ ಗಂಡಂಗೇ ಆಗ್ಲಿಲ್ಲ, ನಾನ್ಯಾವ ಲೆಕ್ಕ!” ಎನ್ನುತ್ತ ಅವನು ಎದ್ದು ಹೋದ. ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಸೂತಕದವಳು ಹಬ್ಬದ ದಿನ ಹೊರಗೆ ಬರುವಂತಿರಲಿಲ್ಲ. ಫುಸಾ ಬಾಗಿಲ ಹಿಂದೆ ಮಂಡಿಯೂರಿ ಕೂತಳು. ಬಂಡಿ ತಿರುವಿಗೆ ಬಂತು, ವಾದ್ಯ ನಿಂತಿತು. ಗಾಲಿಗಳು ಉರುಳಿಬಂದು ಬಾಗಿಲ ಮುಂದೆಯೇ ನಿಂತವು. ಆಮೇಲೆ ಡೋಲೊಂದೇ ಮೆಲ್ಲಗೆ ಶುರುವಾಯಿತು, ಕೊಳಲಿನ ಜಾಗವನ್ನು ಖಾಲಿ ಬಿಟ್ಟು.

ಗಂಡ ಊದುತ್ತಿದ್ದ ಆ ರಾಗವನ್ನು ಅವಳು ದಿನಾ ಸಂಜೆ ಅಡುಗೆಮನೆಯಿಂದ ಕೇಳಿ ಕೇಳಿ ಬಲ್ಲವಳು. ಬಾಗಿಲಿಗೆ ಹಣೆಯೊತ್ತಿ, ಡೋಲಿನವರು ಖಾಲಿ ಬಿಟ್ಟಲ್ಲೆಲ್ಲ ತಾನು ಗುನುಗಿದಳು. ರಾಗ ಮುಗಿಯುವವರೆಗೂ ಬಂಡಿ ಕದಲಲಿಲ್ಲ.