ಹುಣಸೆಮರದ ಆಚೆಗೆ ತಮಟೆ

ದನಕ್ಕೆ ಇಟ್ಟಿದ್ದ ಬಕೆಟ್ಟಿನ ನೀರನ್ನು ಎತ್ತಿಕೊಂಡು ಬಂದ ನರಸಿಂಹಪ್ಪ, ತಮಟೆ ಕಾಯಿಸಲು ಹಚ್ಚಿದ್ದ ಹುಲ್ಲಿನ ಬೆಂಕಿಯ ಮೇಲೆ ದಬಕ್ಕೆಂದು ಸುರಿದುಬಿಟ್ಟ. ಹೊಗೆಯೊಳಗಿಂದ ಬಯ್ಯಪ್ಪ ಕೆಮ್ಮುತ್ತ ಎದ್ದ. ಆ ಸೀಮೆಯಲ್ಲಿ ಬಯ್ಯಪ್ಪನ ತಮಟೆಯಿಲ್ಲದೆ ಮದುವೆಯೂ ಇಲ್ಲ, ಸಾವೂ ಇಲ್ಲ.

“ಯಾಕ್ ಯಜಮಾನ್ರೇ, ಏನಾಯ್ತು?”

“ಈಗ್ಲೇ ಬೇಡ ಬಯ್ಯಪ್ಪ. ಸೆಂಟರಿಂದ ಮೇಡಂ ಬರ್ತಾವ್ರೆ. ಅವ್ರನ್ನ ಕೇಳ್ದೆ ಒಂದೇಟೂ ಬೀಳ್ಕೂಡ್ದು.”

ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಇತ್ತ ಕತ್ತು ತಿರುಗಿಸಿದರು. ಅವರ ನಡುವೆ ಹಣೆತುಂಬ ಕುಂಕುಮ, ತಲೆತುಂಬ ಹೂವು ಇಟ್ಟುಕೊಂಡು ಅವನ ಹೆಂಡತಿ ಮುನಿಗಂಗಮ್ಮ ಮಲಗಿದ್ದಳು. ಹಿಂದಿನ ಸಂಜೆ ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದು, “ಯಾಕೋ ಸುಸ್ತು ಕಣ್ರೀ” ಎಂದು ಜಗಲಿಯ ಮೇಲೆ ಕೂತವಳು ಕೂತಂತೆಯೇ ಹೋಗಿದ್ದಳು. ನರಳಲಿಲ್ಲ, ನರಳಿಸಲಿಲ್ಲ. ಇಂಥ ಸಾವು ಕೇಳಿಕೊಂಡರೂ ಬರುವುದಿಲ್ಲ ಎಂದು ಊರೆಲ್ಲ ಹೊಗಳಿ ಹೊಗಳಿ, ಆ ಮನೆಯಲ್ಲಿ ಬೆಳಗಿನಿಂದ ಕಣ್ಣೀರಿಗಿಂತ ಮಾತೇ ಹೆಚ್ಚಾಗಿತ್ತು.

ನಗರಗೆರೆ ಕಡೆಯಿಂದ ಬಂದಿದ್ದ ಗಂಗಮ್ಮನ ತಮ್ಮ ವೆಂಕಟರವಣಪ್ಪ ಟವೆಲ್ಲು ಕೊಡವಿ ಎದ್ದ. ಕೋಪ ಬಂದರೆ ಅವನ ಬಾಯಿಗೆ ಮೊದಲು ತೆಲುಗೇ ಬರುವುದು.

“ಏಂದಿ ಭಾವಾ ಇದಿ? ನಮ್ಮಕ್ಕ ಏನು ದಿಕ್ಕಿಲ್ಲದೋಳಾ? ತುಂಬಿದ ಮುತ್ತೈದೆ! ತಮಟೆ ಇಲ್ದೆ ಎತ್ತಕ್ಕೆ ನಾನ್ ಬಿಡಲ್ಲ.”

“ದಾರಿ ಪಿಟ್ಟಿನ ಪಕ್ಕದಲ್ಲೇ ಐತಲ್ಲಯ್ಯ,” ಎಂದ ನರಸಿಂಹಪ್ಪ.

ಪಿಟ್ಟು ಅಂದರೆ ಊರಾಚೆಯ ಹುಣಸೆಮರ ದಾಟಿದ ಮೇಲೆ, ನರಸಿಂಹಪ್ಪನ ಜೋಳದ ಹೊಲದ ಬದುವಿನಲ್ಲಿ ಕಬ್ಬಿಣದ ಮುಚ್ಚಳ ಹಾಕಿಕೊಂಡು ಕೂತಿರುವ ಒಂದು ಕಲ್ಲು ಕಟ್ಟಿದ ಹಳ್ಳ. ಅದರೊಳಗೆ ಹಾಲಿನ ಕ್ಯಾನಿನಷ್ಟು ಗಾತ್ರದ ಯಂತ್ರವಿದೆ. ಭೂಮಿ ಎಲ್ಲಿ ಅಲುಗಿದರೂ, ಸಮುದ್ರದಾಚೆಯ ದೇಶದಲ್ಲಿ ಅಲುಗಿದರೂ ಅದಕ್ಕೆ ತಿಳಿಯುತ್ತದೆ. ಸುತ್ತಮುತ್ತಲ ಹೊಲಗಳಲ್ಲಿ ಇಂಥವು ಸಾಲಾಗಿವೆ. ತಮಗೆ ತಿಳಿದದ್ದನ್ನೆಲ್ಲ ಭೂಕಂಪ ಅಳೆಯುವ ಸೆಂಟರಿಗೆ ಒಪ್ಪಿಸುತ್ತಿರುತ್ತವೆ. ಈ ಪಿಟ್ಟಿನ ಕಾವಲು ನರಸಿಂಹಪ್ಪನಿಗೆ ಮೀಸೆ ಚಿಗುರುವ ಕಾಲದಲ್ಲಿ ಸಿಕ್ಕಿದ್ದು. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಕಾವಲಿನಿಂದ ನಿವೃತ್ತಿಯಾಗಲು ಅವನು ಒಪ್ಪಿರಲಿಲ್ಲ.

“ಇದರ ಹತ್ರ ಯಾರೂ ಕುಟ್ಟಬಾರ್ದು, ಕುಣೀಬಾರ್ದು, ನೋಡ್ಕೋ,” ಎಂದು ಅವತ್ತಿನ ಸಾಹೇಬರು ಹೇಳಿದ್ದನ್ನು ಅವನು ವೇದವಾಕ್ಯವೆಂದು ತಲೆಯ ಮೇಲೆ ಹೊತ್ತುಕೊಂಡ. ಹುಣಸೆಮರದಾಚೆ ಯಾರೂ ಮೆಣಸಿನಕಾಯಿ ಕುಟ್ಟುವಂತಿಲ್ಲ, ಮಕ್ಕಳು ಕುಂಟೆಬಿಲ್ಲೆ ಆಡುವಂತಿಲ್ಲ. ಮೆರವಣಿಗೆ ಯಾವುದೇ ಬರಲಿ, ಹುಣಸೆಮರದ ಹತ್ತಿರ ತಮಟೆ ನಿಲ್ಲಬೇಕು. ಮೇಕೆಗಳಿಗೆ ಹೇಳಿ ಪ್ರಯೋಜನವಿಲ್ಲವಾದ್ದರಿಂದ ಮೇಕೆ ಕಾಯುವವರಿಗೆ ಹೇಳಿದ. ಆದರೂ ಪಿಟ್ಟಿನ ಮಗ್ಗುಲಲ್ಲಿ ಒಂದು ಗುಳಿ ಬೀಳುತ್ತಲೇ ಇತ್ತು. ‘ಹಾಳು ಮೇಕೆಗಳು’ ಎಂದು ಬೈದುಕೊಂಡು ಆಗಾಗ ಮಣ್ಣು ಹಾಕಿ ಮುಚ್ಚುವುದು ಅವನಿಗೆ ಒಂದು ಕೆಲಸವೇ ಆಗಿತ್ತು. ಅವನಂತೂ ಅಲ್ಲಿ ಒಂದು ದಿನವೂ ಹಿಮ್ಮಡಿ ಊರಿ ನಡೆದವನಲ್ಲ. ಬೆರಳ ತುದಿಯಲ್ಲೇ ಓಡಾಟ.

ಮಗಳು ಮಾಲಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಪ್ಪ, ನೀನು ಅಮ್ಮಂಗೆ ಮಾತು ಕೊಟ್ಟಿದ್ದೆ. ತಮಟೆ ಹೊಡೆಸ್ತೀನಿ ಅಂತ.”

“ಕೊಟ್ಟಿದ್ದೆ ಕಣಮ್ಮ. ಸೆಂಟರಿಗೂ ಮಾತು ಕೊಟ್ಟಿದ್ದೀನಲ್ಲ,” ಎಂದ. ಒಂದು ಮಾತು ಉಳಿಸಿಕೊಂಡರೆ ಇನ್ನೊಂದು ಹೋಗುತ್ತದೆ. ಹೆಂಡತಿ ಪಾಪ, ಇನ್ನು ಜಗಳಕ್ಕೂ ಬರುವುದಿಲ್ಲ.

*

ಅವಳು ಮದುವೆಯಾಗಿ ಬಂದ ದಿನ ಎತ್ತಿನ ಗಾಡಿ ಪಿಟ್ಟಿಗಿಂತ ಮುಂಚೆಯೇ ನಿಂತಿತ್ತು. ಆಗ ತಮಟೆ ಹಿಡಿದವನು ಬಯ್ಯಪ್ಪನ ಅಪ್ಪ. ಮದುಮಗ ನರಸಿಂಹಪ್ಪನೇ ಗಾಡಿಯಿಂದ ಧುಮುಕಿ ಕೈಯೆತ್ತಿ ತಮಟೆ ನಿಲ್ಲಿಸಿದ. ಹೊಸ ಕೆಲಸ, ಸಾಹೇಬರು ಏನಂದುಕೊಂಡಾರು ಎಂಬ ಹೆದರಿಕೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. ಮದುಮಗಳ ಕಾಲ ಕಡೆ ನೋಡಿ, “ಗೆಜ್ಜೆ ಬಿಚ್ಚಿ ಕೈಲಿ ಹಿಡ್ಕೋ,” ಎಂದುಬಿಟ್ಟ.

ಅಲ್ಲಿಯವರೆಗೆ ತಲೆ ಎತ್ತದಿದ್ದ ಹುಡುಗಿ ತಲೆ ಎತ್ತಿದಳು. ಗಂಡನ ಜೊತೆ ಆಡಿದ ಮೊದಲ ಮಾತು ಅದೇ: “ಇದೇನು ಮದ್ವೇನಾ, ಕಳ್ತನಾನಾ?”

ಗೆಜ್ಜೆ ಬಿಚ್ಚಿದಳು, ಸೆರಗಿಗೆ ಕಟ್ಟಿದಳು, ಸದ್ದಿಲ್ಲದೆ ಗಂಡನ ಊರು ಸೇರಿದಳು. ಆದರೆ ಮರೆಯಲಿಲ್ಲ. ಸಂಸಾರ ನಡೆದಷ್ಟು ಕಾಲವೂ ಉಪ್ಪು ಹೆಚ್ಚಾಯಿತು ಎಂದರೆ ಸಾಕು, ಆ ಮೆರವಣಿಗೆ ಹೊರಗೆ ಬರುತ್ತಿತ್ತು.

“ಬರೋವಾಗ ಕಳ್ಳಿ ಬಂದಂಗೆ ಬಂದೆ. ಹೋಗೋವಾಗ ಮಾತ್ರ ತಮಟೆ ಹೊಡೆಸ್ಕೊಂಡೇ ಹೋಗೋಳು ನಾನು. ಹುಣಸೆಮರದತ್ರ ನಿಲ್ಸಂಗಿಲ್ಲ. ಮಾತು ಕೊಡಿ.”

ತನಗಿಂತ ಮುಂಚೆ ಅವಳು ಹೋಗುತ್ತಾಳೆಂದು ಯಾವ ಗಂಡಸು ಅಂದುಕೊಂಡಿರುತ್ತಾನೆ? “ಆಯ್ತು ಕಣೇ ಗಂಗೀ,” ಎಂದು ಅವನು ನಗುನಗುತ್ತಲೇ ಮಾತು ಕೊಟ್ಟಿದ್ದ.

*

ಸೆಂಟರಿನ ಜೀಪು ಬಂತು. ತನುಜ ಮೇಡಂ ಇಳಿದರು. ಅವರು ಅಲ್ಲಿಯ ವಿಜ್ಞಾನಿ. ಕೆಲಸಕ್ಕೆ ಸೇರಿದಾಗ ಚಿಕ್ಕ ಹುಡುಗಿ, ಈಗ ಕಿವಿಯ ಹತ್ತಿರ ಬಿಳಿಗೂದಲು. ಹಾರ ಹಾಕಿದರು, ಕೈ ಮುಗಿದರು. ಆಮೇಲೆ ಗಂಗಮ್ಮನ ಕಾಲ ಬಳಿ ಕೂತು ಬಲಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಮಾತ್ರ ನಗು. ಇದೆಂಥ ದುಃಖ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು.

ನರಸಿಂಹಪ್ಪ ಕೈಕಟ್ಟಿ ನಿಂತ. “ಮೇಡಂ, ಒಂದು ಮಾತು ಕೇಳ್ಬೇಕಿತ್ತು. ತಮಟೆ… ಪಿಟ್ಟಿನ ಪಕ್ಕ ಹಾದು ಹೋಗ್ಬೇಕು. ಒಂದೇ ಒಂದ್ಸಲ. ಅವ್ಳು ಆಸೆಪಟ್ಟಿದ್ಲು. ಇಷ್ಟು ವರ್ಷದಲ್ಲಿ ಅಲ್ಲಿ ಒಂದು ಸದ್ದೂ ಆಗ್ದಂಗೆ ನೋಡ್ಕೊಂಡಿದ್ದೀನಿ…”

“ಒಂದು ಸದ್ದೂ ಆಗಿಲ್ವಾ?” ಎಂದರು ತನುಜ.

“ದೇವ್ರಾಣೆ ಇಲ್ಲ.”

ಅವರಿಗೆ ನಗು ತಡೆಯಲಾಗಲಿಲ್ಲ. “ನರಸಿಂಹಪ್ಪನೋರೆ, ಕೂತ್ಕೊಳಿ. ನಿಮ್ ಹತ್ರ ಹೇಳ್ಬಾರ್ದು ಅಂತ ಅಮ್ಮ ಆಣೆ ಹಾಕಿಸ್ಕೊಂಡಿದ್ರು. ಇನ್ನು ಹೇಳ್ಬೋದು.”

*

ತನುಜ ಕೆಲಸಕ್ಕೆ ಸೇರಿದ ಹೊಸತು. ಈ ಪಿಟ್ಟಿನಿಂದ ದಿನಾ ಬೆಳಿಗ್ಗೆ ಸೆಂಟರಿನ ಸ್ಕ್ರೀನಿನ ಮೇಲೆ ಒಂದರ ಹಿಂದೊಂದು ಮೂರು ಗೀರು ಬರುತ್ತಿದ್ದವು. ಕಲ್ಲುಕ್ವಾರಿಯೇ? ಅಲ್ಲ. ಪಂಪ್‌ಸೆಟ್ಟೇ? ಅಲ್ಲ. ತಲೆಕೆಟ್ಟು, ಒಂದು ಬೆಳಿಗ್ಗೆ ಹೊಂಗೆಮರದ ಮರೆಯಲ್ಲಿ ಕಾದು ಕೂತರು.

ಗಂಡನಿಗೆ ಮುದ್ದೆ ಹೊತ್ತುಕೊಂಡು ಗಂಗಮ್ಮ ಬಂದಳು. ಕುಕ್ಕೆ ಇಳಿಸಿದಳು. ಅತ್ತ ಇತ್ತ ನೋಡಿದಳು. ಗಂಡ ದೂರದಲ್ಲಿ ನೀರು ಕಟ್ಟುತ್ತಿದ್ದಾನೆಂದು ಖಾತ್ರಿಯಾದ ಮೇಲೆ ಸೀರೆ ಎತ್ತಿ ಸಿಕ್ಕಿಸಿ, ಪಿಟ್ಟಿನ ಮಗ್ಗುಲಲ್ಲಿ ಹಿಮ್ಮಡಿಯಿಂದ ನೆಲಕ್ಕೆ ಗುದ್ದಿದಳು.

“ತಗೋ! ನನ್ ಮದ್ವೆ ತಮಟೆ ನುಂಗ್ದೋನೇ, ತಗೋ! ಇನ್ನೊಂದು ತಗೋ!”

ಕುಕ್ಕೆ ಎತ್ತಿಕೊಂಡು, ಬೆಕ್ಕು ಕಣ್ಮುಚ್ಚಿ ಹಾಲು ಕುಡಿದಂತೆ ಹೊರಟವಳ ಮುಂದೆ ತನುಜ ಬಂದು ನಿಂತರು. ಗಂಗಮ್ಮ ಕುಕ್ಕೆ ಕೆಳಗಿಟ್ಟು ಕೈ ಮುಗಿದಳು. “ಅಯ್ಯೋ ನನ್ನವ್ವ, ನಮ್ಮನೆಯವ್ರಿಗೆ ಹೇಳ್ಬೇಡ. ಪ್ರಾಣ ಬಿಟ್ಬಿಡ್ತಾರೆ!”

“ಹೇಳಲ್ಲಮ್ಮ. ಆದ್ರೆ ನೀವು ನಿಲ್ಲಿಸ್ಬೇಡಿ,” ಎಂದಿದ್ದರು ತನುಜ. “ದಿನಾ ಮೂರು ಗುದ್ದಿ. ಮೂರು ಬಂದ್ರೆ ಯಂತ್ರ ಬದುಕಿದೆ ಅಂತ ನಮಗೆ ಗೊತ್ತಾಗುತ್ತೆ. ಬರ್ಲಿಲ್ಲ ಅಂದ್ರೆ ನೋಡೋಕೆ ಜೀಪು ಕಳಿಸ್ತೀವಿ.”

ಅಂದಿನಿಂದ ಜಗಳದ ಒದೆ ಡ್ಯೂಟಿಯ ಒದೆಯಾಯಿತು. ಒಂದು ಸಲ ಮೂರು ಬರಲಿಲ್ಲ. ಜೀಪು ಬಂತು. ಯಂತ್ರ ಚೆನ್ನಾಗೇ ಇತ್ತು. ಗಂಗಮ್ಮ ಜ್ವರದಲ್ಲಿ ಜ್ಞಾನ ತಪ್ಪಿ ಮಲಗಿದ್ದಳು.

*

“ಅವತ್ತು!” ನರಸಿಂಹಪ್ಪ ಎದ್ದು ನಿಂತ. “ಅವತ್ತು ಅದೇ ಜೀಪಲ್ಲೇ ಗೌರಿಬಿದನೂರು ಆಸ್ಪತ್ರೆಗೆ ಕರ್ಕೊಂಡೋಗಿ ಉಳಿಸಿದ್ರಿ. ದೇವ್ರೇ ಕಳಿಸ್ದ ಅಂತ ನಾನು ಕಾಯಿ ಒಡೆದು ಬಂದಿದ್ದೆ!”

“ದೇವರಲ್ಲ. ಇದೇ ಹಿಮ್ಮಡಿ.”

ಅವನು ಪಡಸಾಲೆಗೆ ನುಗ್ಗಿ ಹೆಣದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ. “ಲೇ ಗಂಗೀ! ನಾನು ಬೆರಳ ಮೇಲೆ ನಡೆದೂ ನಡೆದೂ ಕಾಲು ಸೊಟ್ಟ ಮಾಡ್ಕೊಂಡೆ. ನೀನು ದಿನಾ ಅಲ್ಲೇ ಒದೀತಿದ್ಯಾ? ಮೇಕೆಗಳ್ನ ಬೈಸಿದ್ಯಲ್ಲೇ ನನ್ ಕೈಲಿ!”

ಮೊದಲು ನಕ್ಕವಳು ಮಾಲಾ. ಅಳುತ್ತಿದ್ದ ಬಾಯಲ್ಲೇ ಕಿಸಕ್ಕೆಂದಳು. ಆಮೇಲೆ ಹೆಂಗಸರು, ಆಮೇಲೆ ಅಂಗಳದ ಗಂಡಸರು. ಸತ್ತವರ ಮನೆ ಎಂಬುದನ್ನೇ ಮರೆತು ಎಲ್ಲ ನಕ್ಕರು. ನರಸಿಂಹಪ್ಪನಿಗೂ ನಗು ಬಂತು, ನಗುತ್ತಿದ್ದಂತೆಯೇ ಅಳುವೂ ಬಂತು, ಎರಡನ್ನೂ ಒಂದೇ ಟವೆಲ್ಲಿನಿಂದ ಒರೆಸಿಕೊಂಡ.

“ಹಂಗಾದ್ರೆ ತಮಟೆ?” ಎಂದ.

“ಧಾರಾಳವಾಗಿ. ಭೂಕಂಪ ಆದ್ರೆ ಎಲ್ಲಾ ಪಿಟ್ಟಿಗೂ ಗೊತ್ತಾಗುತ್ತೆ, ತಮಟೆ ಈ ಒಂದಕ್ಕೆ ಮಾತ್ರ. ಅದನ್ನ ಬಿಟ್ಟು ಲೆಕ್ಕ ಹಾಕ್ತೀವಿ. ಬೋರ್‌ವೆಲ್ಲು, ಬಂಡೆ ಸಿಡಿಸೋದು ಬೇಡ ಅಷ್ಟೇ. ಮದುವೆ ತಮಟೆಗೂ ನಮ್ಮ ಅಡ್ಡಿ ಏನೂ ಇರ್ಲಿಲ್ಲ.”

ವೆಂಕಟರವಣಪ್ಪ ಹಣೆ ಚಚ್ಚಿಕೊಂಡ. “ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂದಂಗಾಯ್ತಲ್ಲ ಭಾವ!”

ನರಸಿಂಹಪ್ಪ ಒಳಗೆ ಹೋಗಿ ಟ್ರಂಕು ತೆರೆದು, ಸೀರೆಗಳ ಅಡಿಯಿಂದ ಕಪ್ಪಾಗಿದ್ದ ಬೆಳ್ಳಿಯ ಗೆಜ್ಜೆ ತಂದ. ತಾನು ಬಿಚ್ಚಿಸಿದ್ದನ್ನು ತಾನೇ ಹೆಂಡತಿಯ ಕಾಲಿಗೆ ಕಟ್ಟಿದ. ಕೊಂಡಿ ಸಿಕ್ಕಲಿಲ್ಲ, ಮಾಲಾ ಹಿಡಿದುಕೊಟ್ಟಳು.

“ಬಯ್ಯಪ್ಪ, ಬೆಂಕಿ ಹಚ್ಚೋ!”

ತಮಟೆ ಕಾದು ಟಣ್ ಎಂದಿತು. ಪುರಿ, ಹೂವು ಎರಚುತ್ತ ಚಟ್ಟ ಹೊರಟಿತು. ವೆಂಕಟರವಣಪ್ಪ ಟವೆಲ್ಲು ತಲೆಗೆ ಸುತ್ತಿ ಮುಂದೆ ಕುಣಿದ. ಹೆಜ್ಜೆಗೊಮ್ಮೆ ಗಂಗಮ್ಮನ ಗೆಜ್ಜೆ ಝಲ್ ಎನ್ನುತ್ತಿತ್ತು.

ಹುಣಸೆಮರ ಬಂತು. ಯಾರೂ ಹೇಳಲಿಲ್ಲ, ಆದರೂ ಬಯ್ಯಪ್ಪನ ಕೈ ತಾನಾಗಿ ನಿಂತಿತು. ಕುಣಿಯುತ್ತಿದ್ದ ಕಾಲುಗಳೂ ನಿಂತವು. ಒಂದು ಆಯುಷ್ಯದ ಅಭ್ಯಾಸ. ಅಪ್ಪನ ಕೈಯಿಂದ ಮಗನ ಕೈಗೆ ಬಂದದ್ದು. ಎಲ್ಲರೂ ನರಸಿಂಹಪ್ಪನನ್ನು ನೋಡಿದರು.

“ಹೊಡಿಯೋ!” ಎಂದು ಅವನು ಕೂಗಿದ. “ಅವ್ಳಿಗೆ ಕೇಳೋ ಹಂಗೆ ಹೊಡಿ!”

ಬಯ್ಯಪ್ಪ ಹೊಡೆದ. ಅಪ್ಪ ಬಾಕಿ ಉಳಿಸಿ ಹೋಗಿದ್ದನ್ನೂ ಸೇರಿಸಿ ಹೊಡೆದ. ಪಿಟ್ಟಿನ ಕಬ್ಬಿಣದ ಮುಚ್ಚಳ ಗಡಗಡ ನಡುಗಿತು. ಅಡಿಕೆ ಮೆಲ್ಲುವ ಮುದುಕಿಯರೂ ಎರಡು ಹೆಜ್ಜೆ ಹಾಕಿದರು.

*

ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದಾಯಿತು. ಜನ ಹಿಂತಿರುಗಿ ನೋಡದೆ ಊರ ಕಡೆ ಹೊರಟರು. ಹಿಂದೆ ಉಳಿದವರು ನರಸಿಂಹಪ್ಪ, ಮಾಲಾ, ತನುಜ. ತನುಜರ ಫೋನು ಹೊಡೆದುಕೊಂಡಿತು. ಸೆಂಟರಿನಲ್ಲಿ ಡ್ಯೂಟಿಯಲ್ಲಿದ್ದ ಬೀರೇಶ್. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು. ಮೂರು ಗೀರು ಬರಬೇಕೆಂದು ಅವನಿಗೆ ಗೊತ್ತು, ಯಾರದೆಂದು ಗೊತ್ತಿಲ್ಲ.

“ಮೇಡಂ, ನೀವು ಹೇಳಿದ್ದ ತಮಟೆ ಬಂತು, ಸ್ಕ್ರೀನೇ ತುಂಬೋಯ್ತು! ಆದ್ರೆ ಬೆಳಗಿನ ಮೂರು ಇವತ್ತು ಬಂದೇ ಇಲ್ಲ. ಜೀಪು ಕಳಿಸ್ಲಾ?”

ತನುಜ ಪಿಟ್ಟಿನ ಮಗ್ಗುಲ ಗುಳಿಯ ಕಡೆ ನೋಡಿದರು. ಫೋನಿನ ಮಾತು ನರಸಿಂಹಪ್ಪನಿಗೂ ಕೇಳಿಸಿತ್ತು.

“ಜೀಪು ಬೇಡ ಅನ್ನಿ ಮೇಡಂ,” ಎಂದ. “ಒಂದ್ ನಿಮಿಷ ಇರಕ್ ಹೇಳಿ.”

ಪಿಟ್ಟಿನ ಹತ್ತಿರ ಹೋದ. ಹೋಗುವಾಗಲೂ ಬೆರಳ ಮೇಲೆಯೇ ಹೋದ. ಮೇಕೆಗಳ ಗುಳಿಯ ಮುಂದೆ ನಿಂತು ಪಂಚೆ ಎತ್ತಿ ಕಟ್ಟಿದ. ಬಲಗಾಲು ಎತ್ತಿ ಇಳಿಸಿದ. ಅದು ಮಲಗಿದ ಮಗುವಿನ ಪಕ್ಕ ಕಾಲಿಟ್ಟ ಹಾಗೆ ಸದ್ದಿಲ್ಲದೆ ಇಳಿಯಿತು.

“ಏನೂ ಕಾಣ್ತಿಲ್ಲ ಮೇಡಂ,” ಎಂದ ಬೀರೇಶ್.

“ಹಿಮ್ಮಡೀಲಿ ಕಣಪ್ಪಾ!” ಮಾಲಾ ಕೂಗಿದಳು. “ಅಮ್ಮನ ಥರ!”

ನರಸಿಂಹಪ್ಪ ಅತ್ತ ಇತ್ತ ನೋಡಿದ. ಹಲ್ಲು ಕಚ್ಚಿದ. “ತಗೋ!” ಎಂದ. “ತಗೋ! ಇನ್ನೊಂದು ತಗೋ!”

“ಬಂತು ಮೇಡಂ! ಮೂರೂ ಬಂತು!”

ಅವನು ಕಾಲು ತೆಗೆಯಲಿಲ್ಲ. ಗಂಗಮ್ಮನ ಗುಳಿಗೆ ಅವನ ಹಿಮ್ಮಡಿ ತುಸು ದೊಡ್ಡದು. ಅಂಚಿನ ಮಣ್ಣು ಮೆಲ್ಲಗೆ ಕುಸಿದು, ಒಂದಿಷ್ಟು ಜಾಗ ಬಿಟ್ಟುಕೊಟ್ಟಿತು.