ಇನ್ನೂರೈವತ್ತರ ತೂತು

ಮದರಾಸಿನ ಕೋಡಂಬಾಕ್ಕಂನ ಆ ಓಣಿಯಲ್ಲಿ ಸಂಜೆಯ ದೀಪ ಒಂದೇ ಸಮ ಉರಿಯುತ್ತಿರಲಿಲ್ಲ. ಮನೆಗಳ ಹಿಂದೆಯೇ ಸಿನಿಮಾ ಸ್ಟುಡಿಯೋ. ಅಲ್ಲಿ ಶೂಟಿಂಗಿನ ದೊಡ್ಡ ದೀಪಗಳು ಹತ್ತಿದರೆ ಇಲ್ಲಿಯ ಬಲ್ಬುಗಳು ಹಣ್ಣು ಸೌತೆಯ ಬಣ್ಣಕ್ಕೆ ತಿರುಗುತ್ತಿದ್ದವು. ಅಲ್ಲಿ ಆರಿದರೆ ಇಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಾಗುತ್ತಿದ್ದವು. ಹಾಗೆ ಬೆಳ್ಳಗಾದ ಒಂದು ಸಂಜೆ ಸುಬ್ರಾಯನ ರೇಡಿಯೋ ಚಟ್ಟೆಂದು ಸದ್ದು ಮಾಡಿ, ಸುಟ್ಟ ಅರಗಿನ ವಾಸನೆ ಬಿಟ್ಟು ಸುಮ್ಮನಾಯಿತು. ಹಿಂದೆಯೂ ಒಮ್ಮೆ ಹೀಗೇ ಆಗಿತ್ತು.

ಸುಬ್ರಾಯ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವನು. ಅವನ ಹೆಂಡತಿ ಗುಣವತಿ ಕುಂದಾಪುರದ ಕಡೆ ಗದ್ದೆಯ ಕೆಸರಿನಲ್ಲೇ ಬೆಳೆದವಳು. ಈ ಸಲ ಅವಳಿಗೆ ರೇಡಿಯೋ ಬೇಕೇ ಬೇಕಿತ್ತು. ತಂಗಿ ವಿನೋದಾ ಭಾನುವಾರ ಸಂಜೆ ಬೆಂಗಳೂರು ಆಕಾಶವಾಣಿಯಲ್ಲಿ ಹಾಡುವವಳಿದ್ದಳು. ತಂಗಿ ಮದುವೆಯಾಗಿ ಅತ್ತ ಹೋದ ಮೇಲೆ ಅವಳ ದನಿ ಅಕ್ಕನ ಕಿವಿಗೆ ಬಿದ್ದೇ ಇರಲಿಲ್ಲ.

ಶನಿವಾರ ರಿಪೇರಿಗೆ ಹರಿದಾಸರು ಬಂದರು. ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಮನೆತನ. ಅವರ ಕನ್ನಡದ ನಡುವೆ ತಮಿಳು ತಾನಾಗಿಯೇ ಬಂದು ಕೂರುತ್ತಿತ್ತು. ಹೊಸ ವಾಲ್ವು ಕೂರಿಸಿ, ಪೆಟ್ಟಿಗೆಯ ಬೆನ್ನು ನೋಡಿದವರೇ ನಿಂತರು. ಅಲ್ಲಿ ಇನ್ನೂರು, ಇನ್ನೂರಿಪ್ಪತ್ತು, ಇನ್ನೂರೈವತ್ತು ವೋಲ್ಟು ಎಂದು ಬರೆದ ಮೂರು ತೂತುಗಳಿದ್ದವು. ಬರುವ ಕರೆಂಟಿಗೆ ತಕ್ಕಂತೆ ಒಂದರಲ್ಲಿ ಪಿನ್ನು ಚುಚ್ಚಬೇಕು. ಪಿನ್ನು ಇನ್ನೂರರಲ್ಲಿತ್ತು.

"ಅಯ್ಯಯ್ಯೋ! ಇದು ಯಾರ ಕೆಲಸ ಸಾರ್?"

"ನಂದೇ," ಎಂದ ಸುಬ್ರಾಯ. "ಶೂಟಿಂಗ್ ಶುರುವಾದ್ರೆ ದನಿ ಏಳೂದೇ ಇಲ್ಲ. ಕಮ್ಮಿ ಕರೆಂಟಿಗೆ ಕಮ್ಮಿ ನಂಬರ್ ಅಂತ ಹಾಕಿದೆ. ಚಂದ ಕೇಳ್ತಿತ್ತು ಮಾರಾಯ್ರೆ."

"ಕೇಳುತ್ತೆ, ಶೂಟಿಂಗ್ ನಡೆಯೋವರ್ಗೂ. ಪ್ಯಾಕಪ್ ಆಯ್ತೋ, ಅವ್ಳೋದಾನ್, ಮುಗೀತು! ಅಷ್ಟೂ ಕರೆಂಟು ಬಂದು ನಿಮ್ಮ ಪೆಟ್ಟಿಗೆ ಮೇಲೆ ಬೀಳುತ್ತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗುಣವತಿ ಮುಂದೆ ಬಂದಳು.

"ನಮ್ಮೂರ ತೋಡಿನ ಹಾಗೇ," ಎಂದಳು. "ಮೇಲಿನ ಗದ್ದೆ ಶೆಟ್ರು ನೀರು ತಿರುಗಿಸ್ಕೊಂಡ್ರೆ ನಮಗೆ ಬೆರಳಷ್ಟು ಬರ್ತದೆ. ಸಾಲೂದಿಲ್ಲ ಅಂತ ನಾವು ಬದುವಿನ ಕಂಡಿ ಅಗಲ ಮಾಡಿದ್ವಾ, ಅವರು ಅವರ ಕಂಡಿ ಮುಚ್ಚಿದ ಕೂಡ್ಲೆ ತೋಡಿನ ನೀರೆಲ್ಲ ನಮ್ಮ ಗದ್ದೆಗೇ ನುಗ್ಗಿ ನೆಟ್ಟದ್ದನ್ನೆಲ್ಲ ಕೊಚ್ಕೊಂಡು ಹೋಗ್ತದೆ. ಇವರು ಮಾಡಿದ್ದು ಅದೇ. ಕಂಡಿ ಅಗಲ ಮಾಡಿದ್ದು."

"ಆಮಾ ಅಮ್ಮಾ, ಅದೇ! ಚಿಕ್ಕದು ಮಾಡ್ಬಿಡೋಣ." ಹರಿದಾಸರು ಪಿನ್ನು ಕಿತ್ತು ಇನ್ನೂರೈವತ್ತರ ತೂತಿಗೆ ಚುಚ್ಚಿದರು. "ದನಿ ಸಣ್ಣಗಾಗುತ್ತೆ, ಪೆಟ್ಟಿಗೆ ಉಳಿಯುತ್ತೆ. ಗುಡುಗು ಬಂದ್ರೆ ಮಾತ್ರ ಏರಿಯಲ್ ತಂತಿ ಬಿಚ್ಚಿಡಿ."

ಭಾನುವಾರ ಸಂಜೆ ಶೂಟಿಂಗ್ ಇತ್ತು. ಬಲ್ಬು ಹಳದಿಯಾಗಿತ್ತು. ಗುಂಡಿ ತಿರುಗಿಸಿದರೆ ರೇಡಿಯೋ ನಿಧಾನಕ್ಕೆ ಬಿಸಿಯಾಯಿತು. ಹೆಸರು ಹೇಳಿದವರ ದನಿ ಬಾವಿಯ ತಳದಿಂದ ಬಂದಂತಿತ್ತು. ಆಮೇಲೆ ತಂಬೂರಿ, ಅದರ ಹಿಂದೆ ಎಲ್ಲೋ ವಿನೋದಾ. ಗುಣವತಿ ಪೆಟ್ಟಿಗೆಯ ಮುಂದೆ ದನಿ ಹೊರಬರುವ ಬಟ್ಟೆಗೆ ಕಿವಿಯೊತ್ತಿ ಕೂತಳು.

ಸುಬ್ರಾಯನ ಕೈ ಪೆಟ್ಟಿಗೆಯ ಬೆನ್ನಿಗೆ ಹೋಯಿತು. "ಪಿನ್ನು ಇನ್ನೂರಕ್ಕೆ ಹಾಕ್ಲಾ? ಒಂದು ಗಳಿಗೆ ಆರಿಸಿ ಹಾಕಿದ್ರಾಯ್ತು. ಅವರು ಈಗ ಮುಗಿಸೂದಿಲ್ಲ. ನಮ್ಮ ಹೋಟೆಲಿಂದ್ಲೇ ಈಗಷ್ಟೇ ಕಾಫಿ ಹೋಗಿದೆ."

"ಕೈ ತೆಗೀರಿ."

"ತಂಗಿ ದನಿ ಕೇಳ್ಲಿಲ್ಲ ಅಂತ ಆಮೇಲೆ ನನ್ನ ಬೈಬೇಡ."

"ಸಾಂಬಾರಿಗೆ ಉಪ್ಪು ಸಾಲ್ಲಿಲ್ಲ ಅಂತ ನಾನು ನಿಮ್ಮ ಹೋಟೆಲಿನ ಹಂಡೆಗೆ ಕೈ ಹಾಕ್ತೇನಾ? ತೆಗೀರಿ ಅಂದ್ನಲ್ಲ. ಇದ್ದಷ್ಟು ಕೇಳ್ತದೆ, ಸಾಕು."

ಸುಬ್ರಾಯ ಕೈ ತೆಗೆದ. ಒಂದು ಹಾಡು ಹಾಗೇ, ಎಳೆ ಎಳೆಯಾಗಿ ಮುಗಿಯಿತು.

ಎರಡನೆಯದು ಶುರುವಾದದ್ದಷ್ಟೇ, ಬಲ್ಬು ಭಗ್ಗನೆ ಬೆಳ್ಳಗಾಯಿತು. ಗೋಡೆಯ ಬಿರುಕುಗಳೂ ಕಂಡವು. ಸುಬ್ರಾಯ ಮೈಮೇಲೆ ಒಗ್ಗರಣೆ ಸಿಡಿದವನಂತೆ ಹಿಂದಕ್ಕೆ ಹಾರಿದ. "ಹೋಯ್ತು!"

ಚಟ್ಟೆನ್ನಲಿಲ್ಲ. ಅರಗಿನ ವಾಸನೆಯೂ ಇಲ್ಲ. ರೇಡಿಯೋದ ಮುಳ್ಳಿನ ಹಿಂದಿನ ಬೆಳಕು ಹಿಗ್ಗಿತು, ಅದರೊಂದಿಗೇ ವಿನೋದಾಳ ದನಿ ಕೋಣೆ ತುಂಬಾ ಬಂತು. ಉಸಿರೆಳೆಯುವುದು, ಸಾಲಿನ ಕೊನೆಯನ್ನು ಸ್ವಲ್ಪ ಮೂಗಿನಲ್ಲಿ ಎಳೆಯುವುದು, ಎಲ್ಲ ಕೇಳಿಸಿತು. ಅಮ್ಮ ಎಷ್ಟು ಗದರಿದರೂ ಹುಡುಗಿ ಆ ಎಳೆತ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಜಾನಕಮ್ಮ ಗೋಡೆಯಾಚೆಯಿಂದ ಕೂಗಿ ಕೇಳಿದರು: "ಯಾರಮ್ಮಾ ಅದು ಪಾಡೋದು?"

"ನನ್ನ ತಂಗಿ!" ಗುಣವತಿ ಬಟ್ಟೆಯಿಂದ ಕಿವಿ ತೆಗೆದು, ಗೋಡೆಗೆ ಒರಗಿ ಕಾಲು ಚಾಚಿದಳು.

"ಓಣಿಗೆಲ್ಲ ಕೇಳ್ತಾ ಉಂಟು," ಎಂದ ಸುಬ್ರಾಯ. "ಸ್ವಲ್ಪ ಸಣ್ಣ ಮಾಡ್ಲಾ?"

"ಬೇಡ. ಕೇಳ್ಲಿ."